ಗುಹೆಯ ಬಾಯಲ್ಲಿ ನಿಂತು ‘ಇವತ್ತು ಬೇಡ’ ಅನ್ನುವವರು ಯಾರು?

ನೆಲ್ಲಿತೀರ್ಥದ ಗುಹೆಗೆ ಒಮ್ಮೆ ಹೋಗಿ ಬಂದವರಿಗೆ ಆ ದಿನದ ಮೊಣಕಾಲು ನೋವು ನೆನಪಿದ್ದೇ ಇರುತ್ತದೆ. ಮಂಗಳೂರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ಜಾಗ. ಕೆರೆಯಲ್ಲಿ ಮಿಂದು ಹೊರಡುವುದು ಪದ್ಧತಿ. ಗುಹೆ ಸುಮಾರು 200 ಮೀಟರ್ ಉದ್ದ. ಸ್ವಲ್ಪ ದೂರ ಬಗ್ಗಿ ನಡೆದರೆ ಆಯಿತು, ಆಮೇಲೆ ಮಂಡಿಯೂರಿಯೇ ಸಾಗಬೇಕು. ಮೇಲಿಂದ ನೆಲ್ಲಿಕಾಯಿ ಗಾತ್ರದ ಹನಿಗಳು ಬೀಳುತ್ತವೆ, ಹೆಸರು ಬಂದದ್ದೂ ಅದರಿಂದಲೇ ಅನ್ನುತ್ತಾರೆ. ಕೊನೆಗೆ ನೀರು, ಲಿಂಗ, ಕೈಕಾಲಿಗೆ ಮೆತ್ತುವ ಜೇಡಿಮಣ್ಣು.

ಆ ಗುಹೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದರ ಕ್ಯಾಲೆಂಡರ್. ತೆರೆಯುವುದು ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ ಮಧ್ಯಕ್ಕೆ. ಮುಚ್ಚುವುದು ಮೇಷ ಸಂಕ್ರಮಣಕ್ಕೆ, ಏಪ್ರಿಲ್ ಮಧ್ಯಕ್ಕೆ. ಉಳಿದ ಆರು ತಿಂಗಳು ಒಳಗೆ ದೇವತೆಗಳೇ ಪೂಜೆ ಮಾಡುತ್ತಾರೆ, ಮನುಷ್ಯರಿಗೆ ಪ್ರವೇಶ ಇಲ್ಲ ಎಂಬ ನಂಬಿಕೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಒಂದು ಗಮನಿಸಿ. ಮಳೆಗಾಲ ಶುರುವಾಗುವುದು ಜೂನಿನಲ್ಲಿ. ಗುಹೆ ಮುಚ್ಚುವುದು ಅದಕ್ಕೂ ಒಂದೂವರೆ ತಿಂಗಳು ಮೊದಲೇ. ಏಪ್ರಿಲ್ ಕೊನೆಗೆ, ಮೇ ತಿಂಗಳಿಗೆ ಸಂಜೆ ಹೊತ್ತು ಗುಡುಗು ಕಟ್ಟಿ ಧೋ ಎಂದು ಸುರಿಯುವ ಮಳೆ ನಮ್ಮೂರಿಗೆ ಹೊಸತಲ್ಲ. ದಿನ ಗೊತ್ತು ಮಾಡಿದವರು ಆಕಾಶ ನೋಡಿಯೇ ಗೊತ್ತು ಮಾಡಿರಬೇಕು ಅಂತ ನನ್ನ ಗುಮಾನಿ.

ಈಗ ಇನ್ನೊಂದು ಕ್ಯಾಲೆಂಡರ್ ಬಂದಿದೆ. ಶನಿವಾರ–ಭಾನುವಾರದ್ದು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್ ಹೊರಡುತ್ತದೆ, ಬೆಳಿಗ್ಗೆ ಉಡುಪಿಯಲ್ಲಿ ತಿಂಡಿ, ಹತ್ತು ಗಂಟೆಗೆ ಯಾವುದೋ ಗುಡ್ಡದ ಗುಹೆ, ಮಧ್ಯಾಹ್ನ ಮಲ್ಪೆ. ಮಂಗಳೂರಿನ ಕಾಲೇಜು ಹುಡುಗರಂತೂ ಬೈಕಿನಲ್ಲೇ ಹೋಗುತ್ತಾರೆ. ಪಾಳುಬಿದ್ದ ಸುರಂಗ, ನೀರು ತುಂಬಿದ ಕಲ್ಲಿನ ಕೋರೆ, ಕಾಡಿನ ಗುಹೆ, ಎಲ್ಲವೂ ‘ಸ್ಪಾಟ್’. ಇಲ್ಲೆಲ್ಲ ಸಾಮಾನ್ಯವಾಗಿ ಒಬ್ಬ ಮುಂದಾಳು ಇರುತ್ತಾನೆ. ಗೈಡ್, ಟ್ರೆಕ್ ಲೀಡರ್, ಇನ್‌ಸ್ಟ್ರಕ್ಟರ್, ಏನಾದರೂ ಕರೆಯಿರಿ. ಈ ಲೇಖನ ಅವನ ಬಗ್ಗೆ. ಅವನ ಕೈಯಲ್ಲಿ ಹಗ್ಗ ಉಂಟಾ, ತಲೆಗೆ ಹೆಲ್ಮೆಟ್ ಉಂಟಾ ಎಂಬ ಪ್ರಶ್ನೆ ಆಮೇಲಿನದ್ದು. ದುಡ್ಡು ಕೊಟ್ಟು ಬಂದ ಮೂವತ್ತು ಜನರ ಎದುರು ನಿಂತು ‘ಇವತ್ತು ಬೇಡ’ ಅನ್ನಲು ಅವನಿಗೆ ಬರುತ್ತದಾ? ಅಂದರೆ, ಹಾಗೆ ಹೇಳಲು ಅವನಿಗೆ ಅಧಿಕಾರ ಉಂಟಾ?

ಮೊದಲು ನಮ್ಮ ನೆಲದ ಕೆಳಗೆ ಏನಿದೆ ನೋಡುವ. ಮೇಘಾಲಯದ ಹಾಗೆ ನಮ್ಮಲ್ಲಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ಉದ್ದದ ಗುಹೆಗಳಿಲ್ಲ. ಆಂಧ್ರದ ಬೇಲಂನಂತೆ ಮೂರು ಕಿಲೋಮೀಟರ್ ಸುಣ್ಣಕಲ್ಲಿನ ಗುಹೆಯೂ ಇಲ್ಲ. ನಮ್ಮದು ಮುರಕಲ್ಲಿನ ಸೀಮೆ. ಕೆಂಪು ಕಲ್ಲು, ಜಂಬಿಟ್ಟಿಗೆ, ಹೆಸರು ಬೇರೆ, ಕಲ್ಲು ಒಂದೇ. ಕೇರಳದ ಅಂಗಾಡಿಪುರಂನಲ್ಲಿ ಇದನ್ನು ನೋಡಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ 1807ರ ತನ್ನ ಪುಸ್ತಕದಲ್ಲಿ, ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ‘ಲ್ಯಾಟರೈಟ್’ ಅಂತ ಹೆಸರಿಟ್ಟ. ನೆಲದಲ್ಲಿದ್ದಾಗ ಕತ್ತಿಗೂ ಬಗ್ಗುತ್ತದೆ, ಗಾಳಿ ಬಿಸಿಲು ತಾಗಿದರೆ ಗಟ್ಟಿಯಾಗುತ್ತದೆ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ತಕರಾರು ಇರುವುದು ಮುರಕಲ್ಲಿನ ಅಡಿಯಲ್ಲಿ. ಅಲ್ಲಿ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ತಿಳಿ ಗುಲಾಬಿ ಬಣ್ಣದ ನುಣ್ಣನೆಯ ಮಣ್ಣು. ಒಣಗಿದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲವೆಲ್ಲ ಹೋಗಿ ಕುಸಿಯುತ್ತದೆ. ಕರಾವಳಿಯಲ್ಲಿ ರಸ್ತೆಗೆಂದು, ಮನೆಗೆಂದು ಗುಡ್ಡ ಕಡಿದಲ್ಲೆಲ್ಲ ಜುಲೈಯಲ್ಲಿ ಜರಿಯುತ್ತದಲ್ಲ, ಅದರಲ್ಲಿ ಶೇಡಿಯ ಪಾಲು ದೊಡ್ಡದು. ಮೇಲೆ ಟೊಪ್ಪಿಯ ಹಾಗೆ ಗಟ್ಟಿ ಕಲ್ಲು, ಕೆಳಗೆ ಒದ್ದೆಯಾದರೆ ಕರಗುವ ಮಣ್ಣು. ಈ ಎರಡರ ನಡುವೆಯೇ ನಮ್ಮ ಹೆಚ್ಚಿನ ಗುಹೆಗಳು, ಸುರಂಗಗಳು ಇರುವುದು. ಡಿಸೆಂಬರಿನಲ್ಲಿ ‘ಎಷ್ಟು ಗಟ್ಟಿ ಉಂಟು ನೋಡಿ’ ಅಂತ ಗೋಡೆ ತಟ್ಟಿ ತೋರಿಸುವ ಗೈಡ್, ಅದೇ ಗೋಡೆಯನ್ನು ಆಗಸ್ಟಿನಲ್ಲೂ ನೋಡಿರಬೇಕು.

ಸುರಂಗ ಅಂದೆ. ಹೊರಗಿನವರಿಗೆ ಇದು ರಸ್ತೆಯ ಸುರಂಗದ ಹಾಗೆ ಕೇಳಬಹುದು. ನಮ್ಮಲ್ಲಿ ಬಂಟ್ವಾಳ, ಪುತ್ತೂರು, ಅತ್ತ ಕಾಸರಗೋಡಿನ ಕಡೆ ಸುರಂಗ ಎಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಓಣಿ. ಅಗಲ ಎರಡು, ಎರಡೂವರೆ ಅಡಿ. ಎತ್ತರ ಆರಡಿ. ಕೆಲವು 300 ಮೀಟರ್ ತನಕ ಒಳಗೆ ಹೋಗಿವೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ತೋಡಿ, ಸಾಲು ಸಾಲಾಗಿ ನೀರು ಸಿಗದೆ ಹೋದರೂ ಬಿಡದೆ, ಕೊನೆಗೆ ಬೋಳು ಗುಡ್ಡದಲ್ಲಿ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೊಳವೆಬಾವಿ ಬಂದ ಮೇಲೆ ಎಷ್ಟೋ ಸುರಂಗಗಳನ್ನು ಕೇಳುವವರಿಲ್ಲ. ತಾಂತ್ರಿಕವಾಗಿ ಇವು ಗಣಿಗಳಲ್ಲ. ಆದರೆ ಒಳಗೆ ಹೋದವನಿಗೆ ಎದುರಾಗುವ ಅಪಾಯ ಪಾಳುಬಿದ್ದ ಗಣಿಯದ್ದೇ.

ವಿಟ್ಲದ ಹತ್ತಿರ ನನ್ನ ದೊಡ್ಡಪ್ಪನ ತೋಟದ ಹಿಂದೆ ಅಂಥದ್ದೊಂದು ಇತ್ತು. ಈಗಲೂ ಉಂಟು. ವರ್ಷಕ್ಕೊಮ್ಮೆ, ಸುಗ್ಗಿ ತಿಂಗಳಲ್ಲಿ, ಒಳಗೆ ಕೂತ ಹೂಳು ತೆಗೆಯಬೇಕಿತ್ತು. ನನಗಾಗ ಹನ್ನೊಂದು ವರ್ಷ. ಅವರು ಎರಡು ಚಿಮಿಣಿ ದೀಪ ತೆಗೆದುಕೊಳ್ಳುತ್ತಿದ್ದರು. ಒಂದು ಎದೆಮಟ್ಟದಲ್ಲಿ ಕೈಯಲ್ಲಿ. ಇನ್ನೊಂದನ್ನು ನೆಲಕ್ಕೆ ಇಟ್ಟು, ಕೋಲಿನಿಂದ ಮುಂದೆ ತಳ್ಳುತ್ತ ಹೋಗುವುದು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹೆಬ್ಬೆರಳಿನ ಉಗುರನ್ನು ಗೋಡೆಗೆ ಒತ್ತುವರು. ನಾನೂ ಬರುತ್ತೇನೆ ಅಂತ ಹಟ ಮಾಡಿದೆ.

‘ಉಗುರು ಇಳಿಯಿತು ಅಂದ್ರೆ ಹಿಂದೆ. ಕೆಳಗಿನ ದೀಪ ಸಣ್ಣ ಆಯ್ತು ಅಂದ್ರೆ ಹಿಂದೆ. ಎಂತಕ್ಕೆ ಅಂತ ಕೇಳ್ಲಿಕ್ಕೆ ಇಲ್ಲ. ಆಗ್ತದಾ?’ ಅಂದರು.

ಆಗ್ತದೆ ಅಂದೆ. ಆ ದಿನ ಮೂವತ್ತು ಹೆಜ್ಜೆಗೇ ವಾಪಸು ಬಂದೆವು. ಉಗುರು ಇಳಿದಿತ್ತು. ನನಗೆ ಅಳುವೇ ಬಂದಿತ್ತು. ದೊಡ್ಡಪ್ಪ ಹೊರಗೆ ಬಂದು ಬೆಲ್ಲ–ನೀರು ಕುಡಿದು ಅಡಿಕೆ ಹೆಕ್ಕಲು ಹೋದರು, ಏನೂ ಆಗದವರ ಹಾಗೆ.

ನೆಲಕ್ಕೊಂದು ದೀಪ ಯಾಕೆ ಎಂದು ಅರ್ಥವಾದದ್ದು ಬಹಳ ಕಾಲದ ಮೇಲೆ. ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ ಇರುತ್ತದೆ. 19.5ಕ್ಕೆ ಇಳಿದರೆ, ಗಾಳಿಯಲ್ಲಿ ಏನು ಎಷ್ಟಿದೆ ಅಂತ ಅಳೆಯುವ ಗ್ಯಾಸ್ ಮೀಟರ್ ಕೂಗಲು ಶುರು ಮಾಡುತ್ತದೆ. 16ರ ಹತ್ತಿರ ಬಂದಾಗ ದೀಪ ಆರುತ್ತದೆ, ಮನುಷ್ಯನ ಬುದ್ಧಿಯೂ ಮಂಕಾಗುತ್ತದೆ. 10ರ ಹತ್ತಿರ ಪ್ರಜ್ಞೆಯೇ ಹೋಗುತ್ತದೆ. ಕೊಳೆತ ಎಲೆ, ಬೇರು, ಬಾವಲಿ ಹಿಕ್ಕೆ, ಜನರ ಉಸಿರು, ಇವೆಲ್ಲದರಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿಯಾಡದ ಜಾಗದಲ್ಲಿ ಅದು ತಗ್ಗಿನಲ್ಲಿ ಕೂರುತ್ತದೆ. ಬಾವಿಗೆ ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರಲಿಲ್ಲ ಎಂಬ ಸುದ್ದಿ ನಾವೆಲ್ಲ ಓದಿದ್ದೇವೆ, ಅಲ್ವಾ? ಸುರಂಗದ ತಗ್ಗೂ ಬಾವಿಯ ತಳವೂ ಈ ವಿಷಯದಲ್ಲಿ ಒಂದೇ.

ಆದರೆ ಇಲ್ಲಿ ದೊಡ್ಡಪ್ಪನ ದೀಪಕ್ಕೂ ಒಂದು ಮಿತಿ ಇದೆ. ಇಂಗಾಲದ ಡೈಆಕ್ಸೈಡ್ ಶೇಕಡಾ 5ಕ್ಕೆ ಏರಿದರೆ ಮನುಷ್ಯನಿಗೆ ಏದುಸಿರು, ತಲೆನೋವು ಶುರುವಾಗುತ್ತದೆ. ಅಷ್ಟರಲ್ಲಿ ದೀಪ ಆರಲೇಬೇಕು ಅಂತೇನಿಲ್ಲ, ಸುಮ್ಮನೆ ಉರಿಯುತ್ತಿರಬಹುದು. ಕಲ್ಲಿದ್ದಲಿನ ಗಣಿಯಲ್ಲಾದರೆ ದೀಪವೇ ಯಮ, ಮೀಥೇನ್ ಹೊತ್ತಿಕೊಂಡರೆ ಮುಗಿಯಿತು. ದೀಪ ಹೇಳುವುದು ಅರ್ಧ ಸತ್ಯ. ಹಾಗಾಗಿ ಇವತ್ತು ದುಡ್ಡು ತೆಗೆದುಕೊಂಡು ಜನರನ್ನು ಒಳಗೆ ಕರೆದೊಯ್ಯುವವನ ಸೊಂಟದಲ್ಲಿ ಗ್ಯಾಸ್ ಮೀಟರ್ ಇರಲೇಬೇಕು. ಗ್ರೂಪ್ ಫೋಟೋಗೆ ಡ್ರೋನ್ ತರುವವರಿಗೆ ಅದೇನು ಭಾರವಲ್ಲ.

ನೀರಿನ ಕಥೆ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೇವೆ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಹುಡುಗರು, ಒಬ್ಬ ಕೋಚ್ ಸಿಕ್ಕಿಬಿದ್ದದ್ದನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಒಂದು ವಿವರ ಮಾತ್ರ ಹೆಚ್ಚಿನವರ ಕಣ್ಣು ತಪ್ಪಿದೆ. ಗುಹೆಯ ಬಾಯಲ್ಲಿ ಎಚ್ಚರಿಕೆಯ ಬೋರ್ಡ್ ಇತ್ತು. ಜುಲೈಯಿಂದ ನವೆಂಬರ್ ತನಕ ನೆರೆಯ ಅಪಾಯ ಎಂದು ಬರೆದಿತ್ತು. ಹುಡುಗರು ಒಳಗೆ ಹೋದದ್ದು ಜೂನ್ 23ಕ್ಕೆ. ಬೋರ್ಡಿನ ಲೆಕ್ಕದಲ್ಲಿ ಇನ್ನೂ ಒಂದು ವಾರ ಬಾಕಿ! ಮಳೆ ಬೋರ್ಡ್ ಓದಲಿಲ್ಲ. ಹುಡುಗರನ್ನೂ ಕೋಚನ್ನೂ ಹೊರತರುವಷ್ಟರಲ್ಲಿ ಜುಲೈ 10 ಆಗಿತ್ತು. ಸಹಾಯಕ್ಕೆ ಬಂದ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಒಬ್ಬರು ಪ್ರಾಣ ಕಳೆದುಕೊಂಡರು.

ತಾರೀಕು ಒಂದು ಬೇಲಿ ಅಷ್ಟೆ. ಬೇಲಿಯ ಒಳಗಿದ್ದರೂ ಆಕಾಶ ನೋಡುವ ಮನುಷ್ಯ ಬೇಕು. ನಮ್ಮಲ್ಲಂತೂ ಗುಹೆಯ ಬಾಯಲ್ಲಿ ಬಿಸಿಲು ಕಾಯುತ್ತಿರುವಾಗ ಘಟ್ಟದಲ್ಲಿ ಮಳೆ ಹೊಡೆಯುತ್ತಿರುತ್ತದೆ. ತೋಡಿನ ನೀರು ಕೆಂಪಾದ ಮೇಲೆ ಓಡಲು ಸಮಯ ಇರುವುದಿಲ್ಲ.

ಬಿದ್ದು ಕಾಲು ಮುರಿದುಕೊಂಡರೆ? ಹೊರಗೆ ಆದರೆ ಆಂಬುಲೆನ್ಸ್. ಒಳಗೆ ಲೆಕ್ಕವೇ ಬೇರೆ. 2021ರ ನವೆಂಬರಿನಲ್ಲಿ ಬ್ರಿಟನ್ನಿನ ವೇಲ್ಸ್‌ನ ಒಂದು ಗುಹೆಯಲ್ಲಿ ಅನುಭವಸ್ಥನೇ ಒಬ್ಬ ಜಾರಿ ಬಿದ್ದ. ಅವನನ್ನು ಸ್ಟ್ರೆಚರಿನಲ್ಲಿ ಹೊರಗೆ ತರಲು 54 ಗಂಟೆ ಹಿಡಿಯಿತು, ಇನ್ನೂರಕ್ಕೂ ಹೆಚ್ಚು ಜನ ಕೈ ಹಾಕಬೇಕಾಯಿತು. ಅದು ಗುಹೆ ರಕ್ಷಣೆಗೆಂದೇ ತರಬೇತಾದ ತಂಡಗಳಿರುವ ದೇಶ. ನಮ್ಮ ಅಗ್ನಿಶಾಮಕ ದಳದವರ ಧೈರ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಎರಡಡಿ ಅಗಲದ ಓಣಿಯಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ.

ಹೋದ ಡಿಸೆಂಬರಿನಲ್ಲಿ ನಾನೇ ಒಂದು ವಾರಾಂತ್ಯದ ತಂಡದ ಜೊತೆ ಹೋಗಿದ್ದೆ. ಕುಂದಾಪುರದ ಕಡೆಯ ಗುಡ್ಡ. ಯಾವ ಗುಹೆ, ಯಾವ ಕಂಪನಿ ಅಂತ ಬರೆಯುವುದಿಲ್ಲ, ಹುಡುಗರ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕುವುದು ನನ್ನ ಉದ್ದೇಶ ಅಲ್ಲ. ನಾವು ಮೂವತ್ತೊಂದು ಜನ. ಮುಂದಾಳು ಇಪ್ಪತ್ತನಾಲ್ಕರ ಚುರುಕು ಹುಡುಗ. ಎಲ್ಲರನ್ನೂ ನಗಿಸುತ್ತಿದ್ದ, ನೀರು ಕುಡಿಯಿರಿ ಅಂತ ನೆನಪಿಸುತ್ತಿದ್ದ. ಗುಹೆಯ ಬಾಯಿಗೆ ಬಂದಾಗ ‘ಎಲ್ಲರ ಮೊಬೈಲಲ್ಲೂ ಚಾರ್ಜ್ ಇದೆ ಅಲ್ವಾ?’ ಅಂತ ಕೇಳಿದ. ಬೆಳಕಿನ ವ್ಯವಸ್ಥೆ ಅದೇ. ಗುಹೆಗೆ ಹೋಗುವವರಲ್ಲಿ ಒಂದು ಹಳೇ ನಿಯಮ ಉಂಟು: ತಲೆಗೆ ಕಟ್ಟಿದ ದೀಪ ಒಂದು, ಅದರ ಮೇಲೆ ಬೇರೆ ಎರಡು. ಮೊಬೈಲ್ ಹಿಡಿದರೆ ಒಂದು ಕೈ ಹೋಯಿತು. ಜಾರುವ ಜಾಗದಲ್ಲಿ ಮನುಷ್ಯನಿಗೆ ಇರುವುದೇ ಎರಡು ಕೈ.

ಒಳಗೆ ಯಾರೋ ಬ್ಲೂಟೂತ್ ಸ್ಪೀಕರ್ ಹಾಕಿದರು. ಬಾವಲಿಗಳು ಎದ್ದವು. ನಮ್ಮ ತಲೆಯ ಮೇಲಿಂದ ಒಂದು ಕಪ್ಪು ಹೊಳೆ ಹರಿದ ಹಾಗೆ ಹೊರಗೆ ಹೋದವು. ಮಧ್ಯಾಹ್ನ ಹನ್ನೊಂದೂವರೆ. ಹೊರಗೆ ಬಂದ ಮೇಲೆ ನೋಡಿದರೆ ಎರಡು ಕಾಗೆಗಳು ಒಂದು ಮರಿ ಹಕ್ಕಿಯಂಥದ್ದನ್ನು ಕುಕ್ಕುತ್ತಿದ್ದವು. ಹತ್ತಿರ ಹೋದೆ. ಹಕ್ಕಿ ಅಲ್ಲ.

‘ಎಲ್ಲರೂ ಬಂದ್ರಾ?’ ಅಂತ ಹುಡುಗ ಕೂಗಿದ. ‘ಬಂದ್ವಿ’ ಅಂತ ಎಲ್ಲರೂ ಕೂಗಿದರು. ನಾನು ಸುಮ್ನೆ ಎಣಿಸಿದೆ. ಮೂವತ್ತು. ಇನ್ನೊಮ್ಮೆ ಎಣಿಸಿದೆ. ಮೂವತ್ತು. ಒಬ್ಬ ಹುಡುಗಿ ಒಳಗೆ ಇಕ್ಕಟ್ಟಿನ ಜಾಗದಲ್ಲಿ ಗಾಬರಿಯಾಗಿ ಕೂತುಬಿಟ್ಟಿದ್ದಳು, ಮೊಬೈಲ್ ಆರಿಹೋಗಿತ್ತು. ಹತ್ತು ನಿಮಿಷ ಆಗಿರಬಹುದು, ಅವಳಿಗೆ ಎಷ್ಟಾಯಿತೋ. ಏನೂ ಆಗಲಿಲ್ಲ, ಹೊರಗೆ ಬಂದು ಅತ್ತಳು, ಆಮೇಲೆ ನಕ್ಕಳು. ‘ಏನೂ ಆಗಲಿಲ್ಲ’ ಅಂತ ಮುಗಿಯುವ ಇಂಥ ಪ್ರಸಂಗಗಳನ್ನು ಯಾರೂ ಬರೆದಿಡುವುದಿಲ್ಲ.

ವಾಪಸು ಬರುವಾಗ ಹುಡುಗನ ಪಕ್ಕ ಕೂತು ಕೇಳಿದೆ. ‘ಈ ಗುಹೆಗೆ ಎಷ್ಟು ಸಲ ಬಂದಿದ್ದೀರಿ?’

‘ಇದು ಎರಡನೇ ಸಲ ಸರ್. ಆದ್ರೆ ಕುಮಾರಪರ್ವತ ಹದಿನೈದು ಸಲ ಆಗಿದೆ.’

ಅವನು ಸುಳ್ಳು ಹೇಳಲಿಲ್ಲ, ಅದೇ ಸಮಾಧಾನ. ಆದರೆ ಇಡೀ ಸಮಸ್ಯೆ ಆ ಒಂದು ಉತ್ತರದಲ್ಲಿತ್ತು. ಬೆಟ್ಟ ಹತ್ತಿಸುವ ಅನುಭವ ಗುಹೆಗೆ ಬರುವುದಿಲ್ಲ. ಒಂದು ಗುಹೆಯ ಅನುಭವ ಇನ್ನೊಂದಕ್ಕೂ ಪೂರ್ತಿ ಬರುವುದಿಲ್ಲ.

ಬ್ರಿಟನ್ನಿನವರು ಇದನ್ನು ಪಾಠ ಕಲಿತು ನಿಯಮ ಮಾಡಿದ್ದಾರೆ. 1993ರಲ್ಲಿ ಲೈಮ್ ಬೇ ಎಂಬಲ್ಲಿ ಸಮುದ್ರದಲ್ಲಿ ದೋಣಿ ಹುಟ್ಟು ಹಾಕಲು ಹೋದ ನಾಲ್ಕು ಶಾಲಾ ಮಕ್ಕಳು ತೀರಿಕೊಂಡರು. ಎರಡು ವರ್ಷದಲ್ಲಿ ಕಾನೂನು ಬಂತು: ಹದಿನೆಂಟರ ಒಳಗಿನವರನ್ನು ದುಡ್ಡು ತೆಗೆದುಕೊಂಡು ಇಂಥ ಸಾಹಸಕ್ಕೆ ಕರೆದೊಯ್ಯಲು ಲೈಸೆನ್ಸ್ ಬೇಕು. ಗುಹೆಯೂ ಆ ಪಟ್ಟಿಯಲ್ಲಿದೆ. ಗುಹೆ ಮುಂದಾಳಿಗೆ ಅಲ್ಲಿ ಪ್ರತ್ಯೇಕ ಪರೀಕ್ಷೆ. ನನಗೆ ಹಿಡಿಸಿದ್ದು ಅದರ ಹೆಸರಿನಲ್ಲೇ ಇರುವ ‘ಲೋಕಲ್’ ಎಂಬ ಪದ. ಸ್ಥಳೀಯ ಗುಹೆ ಮತ್ತು ಗಣಿ ಮುಂದಾಳು. ಅವನಿಗೆ ಅನುಮತಿ ಸಿಗುವುದು ಹೆಸರಿಸಿದ ಇಂತಿಂಥ ಗುಹೆಗಳಿಗೆ. ಪಕ್ಕದ ಕಣಿವೆಯ ಗುಹೆಗೆ ಜನರನ್ನು ಕರೆದೊಯ್ಯಬೇಕಾದರೆ ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಗುಹೆ ಬೇರೆ, ಪಾಳು ಗಣಿ ಬೇರೆ. ಗುಹೆ ಲಕ್ಷಾಂತರ ವರ್ಷ ನಿಂತು ತನ್ನ ತೂಕ ತಾನೇ ಹೊಂದಿಸಿಕೊಂಡಿರುತ್ತದೆ. ಗಣಿಯನ್ನು ಮನುಷ್ಯ ಅವಸರದಲ್ಲಿ ತೋಡಿದ್ದು, ಮರದ ಆನಿಕೆ ಕೊಟ್ಟದ್ದು. ಆ ಮರ ಈಗ ಗೆದ್ದಲಿನ ಪಾಲು. ಕಾಲ ಕೆಳಗಿನದ್ದು ನೆಲವೋ, ಹಳೇ ಹಲಗೆಯ ಮೇಲೆ ಕೂತ ಮಣ್ಣೋ, ಗೊತ್ತಾಗುವುದಿಲ್ಲ.

ಗಣಿ ಅಂದಾಗ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕುದುರೆಮುಖ. 2002ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅದು ತೆರೆದ ಗಣಿ, ಒಳಗೆ ಹೊಕ್ಕು ನೋಡುವ ಸುರಂಗಗಳದ್ದಲ್ಲ. ಕೋಲಾರದ ಚಿನ್ನದ ಗಣಿ ನಿಜವಾದ ಪಾತಾಳ, ಮೂರು ಕಿಲೋಮೀಟರಿಗೂ ಆಳ. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಪಂಪು ನಿಂತ ಮೇಲೆ ನೀರು ತುಂಬಿಕೊಂಡಿದೆ. ಇವೆರಡಕ್ಕೂ ಹೇಳುವವರು ಕೇಳುವವರು ಇದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಪ್ರಾಣ ತೆಗೆಯುತ್ತಿರುವ ‘ಪಾಳು ಗಣಿ’ ಬೇರೆಯೇ. ಊರೂರಿಗೆ ಇರುವ ಕೆಂಪು ಕಲ್ಲಿನ ಕೋರೆ. ಕಲ್ಲು ಮುಗಿಯಿತು, ಮೆಷಿನ್ ಹೋಯಿತು, ಗುಂಡಿ ಉಳಿಯಿತು. ಮಳೆಗೆ ತುಂಬುತ್ತದೆ. ಅಂಚು ನೆಟ್ಟಗೆ ಗೋಡೆಯ ಹಾಗೆ, ಒಮ್ಮೆ ಜಾರಿದರೆ ಹಿಡಿದು ಹತ್ತಲು ಏನೂ ಇರುವುದಿಲ್ಲ. ಈಜು ಬಂದವನೂ ಸೋಲುತ್ತಾನೆ. ಮಳೆಗಾಲದಲ್ಲಿ ಪತ್ರಿಕೆಯ ಜಿಲ್ಲಾ ಪುಟ ತೆಗೆದರೆ ಮಕ್ಕಳ ಫೋಟೋ ಕಾಣಿಸುತ್ತದೆ. ಬೇಲಿ ಹಾಕುವುದು ಕೋರೆ ನಡೆಸಿದವರ ಕೆಲಸ. ಇದಕ್ಕೆ ವಿಶ್ಲೇಷಣೆ ಬೇಕಾಗಿಲ್ಲ, ತಂತಿ ಬೇಕು.

ಇನ್ನು ಗುಹೆಯನ್ನು ಉಳಿಸುವ ಮಾತು. ಜನರನ್ನು ಕಾಪಾಡುವುದು, ಗುಹೆಯನ್ನು ಕಾಪಾಡುವುದು, ಎರಡೂ ಬೇರೆ ಬೇರೆ ಕೆಲಸ ಅಂತ ಹೆಚ್ಚಿನವರು ತಿಳಿದಿದ್ದಾರೆ. ನೋಡಿದರೆ ನಿಯಮಗಳೆಲ್ಲ ಒಂದೇ. ಮಳೆಗಾಲದಲ್ಲಿ ಮುಚ್ಚಿದರೆ ಜನರೂ ಬದುಕುತ್ತಾರೆ, ಒಳಗಿನ ಜೀವಿಗಳಿಗೂ ಬಿಡುವು. ಎಂಟು–ಹತ್ತು ಜನರಿಗಿಂತ ಜಾಸ್ತಿ ಬೇಡ ಅಂದರೆ ಎಣಿಕೆ ತಪ್ಪುವುದಿಲ್ಲ, ಬಾವಲಿಗಳೂ ಅಷ್ಟು ಬೆದರುವುದಿಲ್ಲ. ಬೆಂಕಿ ಬೇಡ ಅಂದರೆ ಗಾಳಿಯೂ ಕೆಡುವುದಿಲ್ಲ, ಮಾಡೂ ಕಪ್ಪಾಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಒಂದೇ ಜಾಡಿನಲ್ಲಿ ನಡೆದರೆ ಯಾರೂ ಗುಂಡಿಗೆ ಬೀಳುವುದಿಲ್ಲ, ನೆಲವೆಲ್ಲ ತುಳಿತಕ್ಕೆ ಸಿಗುವುದೂ ಇಲ್ಲ.

ಬಾವಲಿಯ ವಿಷಯದಲ್ಲಿ ನಮಗೆ ಪ್ರೀತಿ ಕಡಿಮೆ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದ ಮೇಲಂತೂ ಕಂಡರೆ ಓಡಿಸುವವರೇ ಹೆಚ್ಚು. ಆದರೆ ನಿಪಾದ ಹೆಸರು ಕೇಳಿಬಂದದ್ದು ಮರದಲ್ಲಿ ಜೋತಾಡುವ ದೊಡ್ಡ ಹಣ್ಣುಬಾವಲಿಗಳ ಜೊತೆ. ಗುಹೆ, ಸುರಂಗದಲ್ಲಿ ಇರುವವು ಹೆಚ್ಚಾಗಿ ಹುಳ ತಿನ್ನುವ ಸಣ್ಣ ಜಾತಿಗಳು. ಸಾಮಾನ್ಯವಾಗಿ ಹೆಣ್ಣು ವರ್ಷಕ್ಕೆ ಹಾಕುವುದು ಒಂದೇ ಮರಿ. ಇಲಿಯ ಹಾಗೆ ಬೇಗ ಬೇಗ ಹೆಚ್ಚುವ ಸಂತತಿ ಅಲ್ಲ. ಮರಿ ಅಪ್ಪಿಕೊಂಡಿರುವಾಗ ಒಮ್ಮೆ ಬೆದರಿಸಿದರೆ ಕೆಳಗೆ ಬಿದ್ದ ಮರಿ ಸತ್ತೇಹೋಗುತ್ತದೆ. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಎಲೆಮೂಗಿನ ಬಾವಲಿ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಅದರ ನೆಲೆ ಈಗ ಕಾಣಿಸಿಲ್ಲ. ಉಳಿದಿರುವುದು ಇನ್ನೂರಕ್ಕೂ ಕಡಿಮೆ. ಕಲ್ಲುಗಣಿ ಅದರ ಬಾಗಿಲ ತನಕ ಬಂದಿತ್ತು. ಬೆಳಗಾವಿಯ ಭೀಮಗಡದ ಬಾರಾಪೇಡೆ ಗುಹೆಗಳಲ್ಲೂ ಅಪರೂಪದ ಬಾವಲಿ ಉಂಟು. ನಮ್ಮ ವಿಟ್ಲದ ಸುರಂಗದಲ್ಲಿ ಯಾವ ಜಾತಿ ಉಂಟು? ನೋಡಿ ಬರೆದಿಟ್ಟವರು ಎಷ್ಟು ಜನ?

ಬೂಟಿಗೆ ಅಂಟಿದ ಮಣ್ಣೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ 2006ರಿಂದ ಈಚೆಗೆ ಬಿಳಿಮೂಗಿನ ರೋಗ ಎಂಬ ಶಿಲೀಂಧ್ರದ ಕಾಯಿಲೆ ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿದೆ. ಮನುಷ್ಯರ ಬಟ್ಟೆ, ಬೂಟು, ಹಗ್ಗದಿಂದಲೂ ಅದು ಗುಹೆಯಿಂದ ಗುಹೆಗೆ ದಾಟಬಹುದು ಅಂತ ಅಲ್ಲಿ ಪ್ರತಿ ಭೇಟಿಯ ಮೇಲೆ ಎಲ್ಲವನ್ನೂ ತೊಳೆದು ಶುದ್ಧ ಮಾಡುವ ನಿಯಮ ಬಂತು. ಕೆರೆಯಲ್ಲಿ ಮಿಂದು ಒಳಗೆ ಹೋಗು ಅಂದ ನೆಲ್ಲಿತೀರ್ಥದವರ ಮನಸ್ಸಿನಲ್ಲಿ ಶಿಲೀಂಧ್ರ ಇರಲಿಲ್ಲ, ಗೊತ್ತು. ನಾನು ಹಳೆಯದನ್ನೆಲ್ಲ ವಿಜ್ಞಾನ ಮಾಡಲು ಹೊರಟವನಲ್ಲ. ಪ್ರಸಾದ ಅಂತ ಗುಹೆಯ ಮಣ್ಣು ಕೆರೆದು ತರುವುದು ನೂರು ಜನರಿರುವಾಗ ನಡೆಯುತ್ತದೆ, ಲಕ್ಷ ಜನ ಬಂದಾಗ ಏನು ಮಾಡುವುದು ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಜನರನ್ನು ಕಾಪಾಡುವುದು, ಗುಹೆಯನ್ನು ಕಾಪಾಡುವುದು, ಈ ಎರಡರ ನಡುವೆ ನಿಜವಾದ ಜಗಳ ಬರುವ ಜಾಗ ಒಂದಿದೆ. ಅಪಾಯಕಾರಿ ಸುರಂಗ ಕಂಡರೆ ನಮ್ಮವರ ಮೊದಲ ಯೋಚನೆ: ಜೇಸಿಬಿ ತರಿಸಿ ಮಣ್ಣು ಹಾಕಿ ಮುಚ್ಚು. ಮಕ್ಕಳ ಜೀವ ಮುಖ್ಯ, ಒಪ್ಪಿದೆ. ಆದರೆ ಹಗಲಲ್ಲಿ ಮುಚ್ಚಿದರೆ ಒಳಗಿದ್ದ ಬಾವಲಿಗಳೆಲ್ಲ ಜೀವಂತ ಸಮಾಧಿ. ನೀರಿನ ದಾರಿಯೂ ಕಟ್ಟಿ, ಗುಡ್ಡದೊಳಗೆ ಒತ್ತಡ ಕೂತು, ಶೇಡಿ ನೆನೆದು, ಆಚೆ ಬದಿಯಲ್ಲಿ ಜರಿದರೆ ಕೇಳುವವರು ಯಾರು? ಹೊರದೇಶಗಳಲ್ಲಿ ಪಾಳು ಗಣಿಯ ಬಾಯಿಗೆ ಕಬ್ಬಿಣದ ಅಡ್ಡ ಸರಳುಗಳ ಗೇಟು ಹಾಕುತ್ತಾರೆ. ಸರಳಿನ ನಡುವೆ ಸುಮಾರು ಆರಿಂಚು ಜಾಗ. ಮನುಷ್ಯ ನುಗ್ಗಲಾರ, ಬಾವಲಿ ಹಾರಿ ಹೋಗುತ್ತದೆ, ಗಾಳಿಯಾಡುತ್ತದೆ. ಬೀಗದ ಕೈ ಒಬ್ಬರ ಹತ್ತಿರ. ಆ ಕೈ ಯಾರ ಹತ್ತಿರ ಅನ್ನುವುದೇ ಮುಂದಾಳು ಯಾರು ಎಂಬುದನ್ನು ಹೇಳುತ್ತದೆ.

ನಮ್ಮಲ್ಲಿ ಆಗುವುದೇ ಇಲ್ಲ ಅನ್ನಬೇಡಿ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಮೇಲೆ ಸರ್ಕಾರ ಚಾರಣ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಬುಕಿಂಗ್ ಮಾಡಿ ಇಷ್ಟೇ ಜನ ಅಂತ ಮಿತಿ ಹಾಕಿತು. ಗೊಣಗಿದವರು ಗೊಣಗಿದರು, ಈಗ ಎಲ್ಲರೂ ಬುಕ್ ಮಾಡಿಯೇ ಹೋಗುತ್ತಾರೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಅದನ್ನೂ ಯಾರೂ ಪ್ರಶ್ನಿಸುವುದಿಲ್ಲ. ಗುಹೆಗೂ ಇಷ್ಟೇ ಬೇಕಾದದ್ದು. ಕಾಡಿನೊಳಗಿನದ್ದಕ್ಕೆ ಅರಣ್ಯ ಇಲಾಖೆ, ದೇವರ ಗುಹೆಗೆ ಆಡಳಿತ ಮಂಡಳಿ, ತೋಟದ ಸುರಂಗಕ್ಕೆ ಮನೆಯವರು ಮತ್ತು ಪಂಚಾಯತ್. ಗುಹೆಗೊಂದು ಹೆಸರು, ಗುಹೆಗೊಬ್ಬ ಒಪ್ಪಿತ ಮುಂದಾಳು, ಒಳಗೆ ಹೋದವರ ಪಟ್ಟಿ ಹೊರಗೊಬ್ಬರ ಕೈಯಲ್ಲಿ. ಇಷ್ಟು ಗಂಟೆಗೆ ಬರದಿದ್ದರೆ ಇಂಥವರಿಗೆ ಫೋನ್. ಮತ್ತೆ, ಮುಂದಾಳು ‘ಬೇಡ’ ಅಂದರೆ ಕಂಪನಿಯವರು ದುಡ್ಡು ವಾಪಸು ಕೊಡಬೇಕು. ಇದನ್ನು ಬರೆದು ಒಪ್ಪಿಸದಿದ್ದರೆ ಉಳಿದದ್ದೆಲ್ಲ ಬರೀ ಕಾಗದ. ಸಂಬಳ ನಿಲ್ಲುತ್ತದೆ ಅನ್ನುವ ಭಯ ಇರುವ ಇಪ್ಪತ್ತನಾಲ್ಕರ ಹುಡುಗ ಯಾವತ್ತೂ ಬೇಡ ಅನ್ನುವುದಿಲ್ಲ.

ಮುಂದಾಳುಗಳು ಎಲ್ಲಿಂದ ಬರಬೇಕು? 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾದ ರಸ್ತೆ ಸುರಂಗ ಕುಸಿದು 41 ಕಾರ್ಮಿಕರು 17 ದಿನ ಸಿಕ್ಕಿಕೊಂಡಿದ್ದರಲ್ಲ, ಕೊನೆಗೆ ದೊಡ್ಡ ಡ್ರಿಲ್ಲಿಂಗ್ ಯಂತ್ರ ಮುರಿದು ನಿಂತಾಗ ಉಳಿದ ಹತ್ತು–ಹನ್ನೆರಡು ಮೀಟರನ್ನು ಕೈಯಲ್ಲಿ ಕೊರೆದು ತಲುಪಿದ್ದು ‘ಇಲಿಬಿಲ’ ಅನ್ನುವ ಇಕ್ಕಟ್ಟಿನ ಗಣಿಗಳಲ್ಲಿ ಕೈಯಲ್ಲೇ ಅಗೆದು ಪಳಗಿದ ಕೆಲಸಗಾರರು. ಮಾಣಿಲ, ಅಡ್ಯನಡ್ಕ, ವಿಟ್ಲದ ಕಡೆ ಸುರಂಗ ತೋಡಿ ಕೈ ಪಳಗಿದ ಹಿರಿಯರು ಇನ್ನೂ ಇದ್ದಾರೆ. ಕಲ್ಲಿನ ಸದ್ದು ಕೇಳಿ ಒಳಗೆ ಪೊಳ್ಳೋ ಗಟ್ಟಿಯೋ ಹೇಳುವವರು. ಅವರ ಜೊತೆ ನಾಲ್ಕು ಬೇಸಿಗೆ ಕಳೆದ ಹುಡುಗ, ಮೇಲಿಂದ ಗ್ಯಾಸ್ ಮೀಟರ್ ಮತ್ತು ಪ್ರಥಮ ಚಿಕಿತ್ಸೆ ಕಲಿತರೆ, ಅವನ ಹಿಂದೆ ನಾನು ಧೈರ್ಯವಾಗಿ ಹೋಗುತ್ತೇನೆ. ಅವನೇ ಗೈಡ್ ಆದರೆ ದುಡ್ಡೂ ಊರಲ್ಲೇ ಉಳಿಯುತ್ತದೆ.

ಕಳೆದ ತಿಂಗಳು ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರಿಗೀಗ ಎಂಬತ್ತಮೂರು. ಯಾರೋ ಬೈಕಿನ ಹುಡುಗರು ಕೇಳದೆ ಸುರಂಗಕ್ಕೆ ನುಗ್ಗಿದ್ದರಂತೆ, ಅಣ್ಣ ತಗಡು ಹೊಡೆದು ಮುಚ್ಚುತ್ತೇನೆ ಅಂತ ಹೊರಟಿದ್ದ. ದೊಡ್ಡಪ್ಪ ಬಿಡಲಿಲ್ಲ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಅಡ್ಡಕ್ಕೆ ಕಟ್ಟಿಸಿದ್ದಾರೆ, ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟು. ಪಕ್ಕಕ್ಕೊಂದು ಸಣ್ಣ ಬೀಗ.

‘ತಗಡು ಯಾಕೆ ಬೇಡ ದೊಡ್ಡಪ್ಪಾ?’ ಅಂತ ಕೇಳಿದೆ.

‘ಅವು ಬರುವುದು ಬೇಡವಾ ಹೊರಗೆ?’ ಅಂದರು.

ಸಂಜೆ ಆರೂವರೆಗೆ ಜಗಲಿಯಲ್ಲಿ ಕೂತು ನೋಡಿದೆ. ಮೊದಲು ಒಂದು, ಆಮೇಲೆ ನಾಲ್ಕೈದು, ಆಮೇಲೆ ಲೆಕ್ಕ ತಪ್ಪಿತು. ದಬ್ಬೆಯ ಸಂದಿಯಲ್ಲಿ ರೆಕ್ಕೆ ಮಡಚಿ ಹೊರಗೆ ಬಂದು, ತೋಟದ ಮೇಲೆ ಹರಡಿಕೊಂಡವು. ಬೀಗದ ಕೈ ದೊಡ್ಡಪ್ಪನ ಜನಿವಾರಕ್ಕೆ ಕಟ್ಟಿತ್ತು. ಒಳಗೆ ಹೋಗಿ ನೋಡಲಾ ಅಂತ ಕೇಳಿದೆ. ನಿನ್ನೆ ಮಳೆ ಬಂದಿದೆ, ಇವತ್ತು ಬೇಡ ಅಂದರು.